ಗೋಳಿಬಜೆಗೆ ಸಿಕ್ಕಿಬಿದ್ದ ಗುರುತಿನ ಪತ್ರ

ವಡೋದರದ ಮಾಂಜಲ್‌ಪುರದ ದಿವಾಕರಣ್ಣನ ಗೋಳಿಬಜೆ ಎಷ್ಟು ಮೆದುವೆಂದರೆ, ಬಾಯಲ್ಲಿ ಒಂದು ಹಲ್ಲೂ ಇಲ್ಲದ ಸೂರತ್‌ನ ಅಜ್ಜರೊಬ್ಬರು ತಿಂಗಳು ಪೂರ್ತಿ ಅದನ್ನೇ ತಿಂದು, ಆ ಹುರುಪಿಗೆ ಎರಡು ಹೊಸ ಹಲ್ಲು ಹುಟ್ಟಿಸಿಕೊಂಡು ಊರಿಗೆ ಮರಳಿದರಂತೆ. ಅದರ ಪೊಟ್ಟಣ ಹಿಡಿದು ವಡೋದರದಲ್ಲಿ ರೈಲು ಹತ್ತಿದವರು ಮಣಿನಗರ ಸ್ಟೇಷನ್ ಮುಟ್ಟುವುದರೊಳಗೆ ಇಡೀ ಬೋಗಿಗೆ ನೆಂಟರಾಗಿರುತ್ತಿದ್ದರು.

ಉಡುಪಿ ಕಡೆಯಿಂದ ಬಂದು ಹೋಟೆಲು ಇಟ್ಟ ಮೂವತ್ತು ವರ್ಷಗಳಲ್ಲಿ ದಿವಾಕರಣ್ಣ ಯಾವ ಕಚೇರಿಗೂ ಬರಿಗೈಯಲ್ಲಿ ಹೋದವರಲ್ಲ. ಗ್ಯಾಸು, ಕರೆಂಟು, ನಲ್ಲಿ, ಮಗುವಿನ ಶಾಲೆ, ಎಲ್ಲದಕ್ಕೂ ಮೂರು ಡಬ್ಬಿಯ ಸ್ಟೀಲಿನ ಕ್ಯಾರಿಯರ್ ಮುಂದೆ ಹೋಗುತ್ತಿತ್ತು, ಅರ್ಜಿ ಅದರ ಹಿಂದೆ. ಲಂಚ ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಇದು ಅತಿಥಿ ಸತ್ಕಾರ ಎನ್ನುತ್ತಿದ್ದರು. ಕಚೇರಿಗೆ ಹೋದಾಗ ಅತಿಥಿ ತಾನೇ ಎಂಬುದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ.

ಅವರ ಒಂದೇ ಮಗು ಅಮೃತ್. ಇಪ್ಪತ್ತಾರು ವರ್ಷದ, ಅಪ್ಪನಿಗಿಂತ ಒಂದು ಗೇಣು ಎತ್ತರದ ಮಗು. ಹುಟ್ಟಿದಾಗ ಇಟ್ಟ ಹೆಸರು ಅಮೃತಾ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ, ನಾನು ಹೆಣ್ಣೂ ಅಲ್ಲ ಗಂಡೂ ಅಲ್ಲ, ನನ್ನನ್ನು ಅಮೃತ್ ಅಂತ ಕರೆಯಿರಿ ಎಂಬ ಮಾತು ಬಂದಾಗ ಅಮ್ಮ ಶಾರದಾ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು. ದಿವಾಕರಣ್ಣ ಎರಡು ದಿನ ಯೋಚಿಸಿದರು. ಆ ಎರಡು ದಿನ ಅರೆದ ಹಿಟ್ಟು ಎಷ್ಟು ನುಣ್ಣಗಾಯಿತೆಂದರೆ, ದೋಸೆಯ ಮೂಲಕ ಎದುರಿನ ಗಿರಾಕಿಯ ಮುಖ ಕಾಣುತ್ತಿತ್ತು. ಮೂರನೆಯ ದಿನ ಮಗುವನ್ನು ಕರೆದು ಕೇಳಿದ್ದು ಒಂದೇ ಮಾತು: "ಊಟ ಎಲ್ಲ ಮೊದಲಿನ ಹಾಗೇ ಉಂಟಲ್ಲ?"

ಉಂಟು ಎಂದ ಮೇಲೆ ಮನೆಯ ಮಟ್ಟಿಗೆ ವಿಷಯ ಮುಗಿಯಿತು. ಶಾರದಾ ಕೂಡ ವಾರದೊಳಗೆ ಹೊಸ ಹೆಸರಿನಲ್ಲೇ ಬೈಯಲು ಕಲಿತರು.

ಕಾಗದಗಳು ಮಾತ್ರ ಕಲಿಯಲಿಲ್ಲ. ಅಲ್ಕಾಪುರಿಯಲ್ಲಿ ಮನೆಗಳ ನಕ್ಷೆ ಬರೆಯುವ ಒಂದು ಕಂಪನಿಯಲ್ಲಿ ಅಮೃತ್‌ಗೆ ಕೆಲಸ ಸಿಕ್ಕಿತು. ಕಾಗದದಲ್ಲಿರುವುದು ಅಮೃತಾ, ಹೆಣ್ಣು. ಎದುರು ಕೂತಿರುವುದು ಅಮೃತ್. ಇಬ್ಬರೂ ಒಬ್ಬರೇ ಎಂದು ಹೇಳುವ ಸರಕಾರಿ ಪತ್ರ ಒಂದನ್ನು ಮುಂದಿನ ತಿಂಗಳ ಕೊನೆಯೊಳಗೆ ತನ್ನಿ, ಇಲ್ಲವಾದರೆ ಜಾಗ ಬೇರೆಯವರಿಗೆ ಎಂದರು. ಅಂಥ ಪತ್ರ ಕೊಡಲು ಕಾನೂನೇ ಇದೆ, ಅರ್ಜಿ ಮೊಬೈಲಿನಲ್ಲೇ ಹಾಕುವುದು, ಮೂವತ್ತು ದಿನಕ್ಕೆ ಬರುತ್ತದೆ, ನೀವು ಯಾರ ಬಳಿಯೂ ಹೋಗಬೇಕಿಲ್ಲ ಎಂದು ಅಮೃತ್ ಅಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದ್ದಾಯಿತು.

ದಿವಾಕರಣ್ಣ ತಲೆಯಾಡಿಸಿದರು. ಮನುಷ್ಯರ ಮುಖವನ್ನೇ ನೋಡದೆ ಮುಂದೆ ಹೋಗುವ ಅರ್ಜಿಯನ್ನು ಅವರು ನಂಬಲಿಲ್ಲ. ಅಮೃತ್ ಅರ್ಜಿ ಹಾಕಿದ ಮರುವಾರ, ಬುಧವಾರ ಬೆಳಿಗ್ಗೆ ಯಾರಿಗೂ ಹೇಳದೆ ಕ್ಯಾರಿಯರ್ ತುಂಬಿಸಿ ಕಲೆಕ್ಟರ್ ಕಚೇರಿಗೆ ಹೊರಟರು.

ಅರ್ಜಿ ನೋಡುವ ಗುಮಾಸ್ತ ನಿತಿನ್‌ಭಾಯಿ ಒಂದು ಗೋಳಿಬಜೆ ಬಾಯಿಗಿಟ್ಟು ಕಣ್ಣು ಮುಚ್ಚಿದವರು ಐದು ನಿಮಿಷ ತೆರೆಯಲಿಲ್ಲ. ತೆರೆದ ಮೇಲೆ, ಫೋಟೋ ಸ್ವಲ್ಪ ಕಪ್ಪಾಗಿದೆ ಕಾಕಾ, ಇನ್ನೊಂದು ತನ್ನಿ ಎಂದರು. ಎರಡನೆಯ ಬುಧವಾರ ಫೋಟೋ ತೀರ ಬೆಳ್ಳಗಾಯಿತು. ಮೂರನೆಯ ಬುಧವಾರ ಸಹಿ ಒಂದು ಕಡೆಗೆ ವಾಲಿತ್ತು. ನಾಲ್ಕನೆಯದಕ್ಕೆ ದಿವಾಕರಣ್ಣ ಹೋದಾಗ ಮೇಜಿನ ಮೇಲಿನ ಫೈಲೆಲ್ಲ ಗೋಡೆ ಬದಿಗೆ ಸರಿದಿತ್ತು, ಎಂಟು ತಟ್ಟೆ ಸಾಲಾಗಿ ಕೂತಿದ್ದವು, ಚಟ್ನಿಗೆ ಬೇರೆ ಬಟ್ಟಲು.

"ನಮ್ಮ ಕೆಲಸಕ್ಕೆ ಎಷ್ಟು ಮರ್ಯಾದೆ ಉಂಟು ಗೊತ್ತಾ? ಇಡೀ ಆಫೀಸು ಎದ್ದು ನಿಲ್ತದೆ" ಎಂದು ಮನೆಗೆ ಬಂದು ಹೆಮ್ಮೆಯಿಂದ ಹೇಳಿದರು.

ಅಮೃತ್ ಕೈಲಿದ್ದ ತುತ್ತು ತಟ್ಟೆಗೆ ಇಳಿಯಿತು. ಸೂರತ್‌ನ ಗೆಳತಿ ಸ್ವಾತಿ ಇದೇ ಪತ್ರಕ್ಕೆ ಒಂದು ವಾರ ತಡವಾಗಿ ಅರ್ಜಿ ಹಾಕಿದ್ದಳು. ಕಚೇರಿಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಹತ್ತೊಂಬತ್ತೇ ದಿನಕ್ಕೆ ಪತ್ರ ಬಂದಿತ್ತು.

"ಅಪ್ಪಾ, ಪತ್ರ ಕೊಟ್ಟರೆ ಗೋಳಿಬಜೆ ನಿಲ್ತದಲ್ಲ. ಅವರು ಯಾಕೆ ಕೊಡ್ತಾರೆ?"

ದಿವಾಕರಣ್ಣನ ಕೈಯ ರುಚಿಯೇ ಅವರ ಮಗುವಿನ ದಾರಿಗೆ ಅಡ್ಡ ಕೂತಿತ್ತು. ಕೊನೆಯ ದಿನಕ್ಕೆ ಉಳಿದದ್ದು ಎಂಟು ದಿನ. ಇನ್ನು ಆ ಕಡೆ ತಲೆ ಹಾಕಬೇಡಿ ಎಂದು ಶಾರದಾ ಖಡಾಖಂಡಿತವಾಗಿ ಹೇಳಿದರು. ಆದರೆ ಐದನೆಯ ಬುಧವಾರವೂ ದಿವಾಕರಣ್ಣ ಕ್ಯಾರಿಯರ್ ಎತ್ತಿಕೊಂಡು ಹೊರಟೇಬಿಟ್ಟರು.

ತಟ್ಟೆಗಳು ಈಗ ಹನ್ನೊಂದಾಗಿದ್ದವು. ನಿತಿನ್‌ಭಾಯಿ ಮೊದಲ ಡಬ್ಬಿ ತೆರೆದರು, ಖಾಲಿ. ಎರಡನೆಯದೂ ಖಾಲಿ. ಮೂರನೆಯದರಲ್ಲಿ ತೊಳೆದ ನೀರಿನ ಒಂದು ಹನಿ.

"ಗೋಳಿಬಜೆ ಎಲ್ಲಿ ಕಾಕಾ?"

"ಅರ್ಜಿ ಹಾಕಿ ನಿತಿನ್‌ಭಾಯಿ. ಮೂವತ್ತು ದಿನದಲ್ಲಿ ಬರ್ತದೆ. ಫೋಟೋ ಮಾತ್ರ ಕಪ್ಪಾಗಿರಬಾರದು."

ಆ ಮಾತಿಗೆ ಫ್ಯಾನು ಕೂಡ ತಿರುಗಲು ಹಿಂದೆ ಮುಂದೆ ನೋಡಿತು. ಅಷ್ಟರಲ್ಲಿ ಒಳಕೋಣೆಯಿಂದ ದೊಡ್ಡ ಸಾಹೇಬರೇ ತಮ್ಮ ತಟ್ಟೆ ಹಿಡಿದು ಬಂದರು. ಪಾಪ, ಅವರು ಇಷ್ಟು ದಿನ ಅದನ್ನು ಕ್ಯಾಂಟೀನಿನ ತಿಂಡಿ ಎಂದೇ ತಿಳಿದು ತಿಂದಿದ್ದರು. ದಿವಾಕರಣ್ಣನ ಬಾಯಿಂದ ವಿಷಯ ಗೊತ್ತಾದಾಗ ಅವರ ಮುಖ ಕೆಂಪಾಯಿತು, ನಿತಿನ್‌ಭಾಯಿಯ ಮುಖ ಬಿಳುಪೇರಿತು, ಗೋಡೆ ಬದಿಯ ಫೈಲಿಗೆ ಕಾಲು ಬಂತು. ಸಂಜೆಯೊಳಗೆ ಪತ್ರ ಅಮೃತ್ ಮೊಬೈಲಿನಲ್ಲಿತ್ತು.

ಶಾರದಾ ಅದನ್ನು ಪ್ರಿಂಟ್ ಮಾಡಿಸಿ ದೇವರ ಫೋಟೋದ ಪಕ್ಕ ಇಟ್ಟರು. ದಿವಾಕರಣ್ಣ ಕನ್ನಡಕ ಏರಿಸಿ ಮೂರು ಸಲ ಓದಿದರು. ಹೆಸರು ಸರಿ, ವಿಳಾಸ ಸರಿ, ಮಗು ಹೇಳಿದಂತೆ ಹೆಣ್ಣೂ ಇಲ್ಲ ಗಂಡೂ ಇಲ್ಲ. ಫೋಟೋ ಮಾತ್ರ ಆ ಮೊದಲಿನ ಕಪ್ಪು ಫೋಟೋವೇ.

ಕೆಲಸಕ್ಕೆ ಸೇರುವ ಬೆಳಿಗ್ಗೆ ಅಮೃತ್ ಚೀಲ ಎತ್ತಿದರೆ ಭಾರ. ಒಳಗೆ ಕ್ಯಾರಿಯರ್, ಮೂರೂ ಡಬ್ಬಿ ಭರ್ತಿ.

"ಹೊಸ ಜಾಗ ಅಲ್ವಾ ಮಗಾ, ಬರಿಗೈಯಲ್ಲಿ ಹೇಗೆ ಹೋಗುವುದು" ಎಂದರು ದಿವಾಕರಣ್ಣ, ಬಾಣಲೆಯ ಕಡೆಗೇ ನೋಡುತ್ತ.

ಅಮೃತ್ ಒಂದೇ ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು, ಕ್ಯಾರಿಯರನ್ನು ಅಪ್ಪನ ಕೈಗೇ ಕೊಟ್ಟು ಸ್ಕೂಟರ್ ಶುರು ಮಾಡಿದ್ದಾಯಿತು.

"ಬೇಡ ಅಪ್ಪಾ. ಇದರ ರುಚಿ ಕಂಡರೆ ಅವರು ನನ್ನನ್ನು ಸಂಜೆ ಮನೆಗೆ ಬಿಡುವುದಿಲ್ಲ."