ದೊಡ್ಡಮ್ಮ ಕಂಡದ್ದು

ದಡದ ಮೇಲಿದ್ದಾಗ ನಮ್ಮ ದೊಡ್ಡಮ್ಮನ ಗಂಟಲು ಬಸ್‌ಸ್ಟಾಪಿನವರೆಗೂ ಕೇಳುತ್ತಿತ್ತು. ತೆಪ್ಪಕ್ಕೆ ಕಾಲಿಟ್ಟಳೆಂದರೆ ಅದೇ ದನಿ ಪಿಸುಮಾತಿಗೆ ಇಳಿಯುತ್ತಿತ್ತು. "ನೀರ್ ಮ್ಯಾಲೆ ಕೂಗ್ಬಾರ್ದು ಕಣ್ ಮಗ. ಮಾತು ಆಚೆ ದಡಕ್ಕೋಗ್ಬುಡ್ತದೆ" ಎನ್ನುತ್ತಿದ್ದಳು.

ಆಚೆ ದಡ ಅವಳ ತವರು. ಎಚ್.ಡಿ. ಕೋಟೆ ಕಡೆಯ ಕಬಿನಿ ಹಿನ್ನೀರಿಗೆ ಈಚೆ ನಮ್ಮೂರು, ಆಚೆ ಅವಳ ಅಣ್ಣನ ಊರು. ದುಂಡನೆಯ ತೆಪ್ಪದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತು, ತಾನೇ ಹುಟ್ಟು ಹಾಕಿಕೊಂಡು ಹೋಗಿಬರುತ್ತಿದ್ದಳು. ಹೋಗುವಾಗ ಅವರೆಕಾಯಿ, ಬರುವಾಗ ಅಲ್ಲಿಯ ಸುದ್ದಿ. ಅವಳ ಮಗ ಸ್ವಾಮಿಗೂ ಅಣ್ಣನ ಮಗ ಮಾದೇವನಿಗೂ ತೆಪ್ಪ ಕಲಿಸಿದವಳು ಅವಳೇ. "ಲೋ ಕೋಣಗಳಾ, ಹುಟ್ಟು ಹಾಕ್ತಿದ್ದೀರೋ ಮುದ್ದೆ ತಿರುವ್ತಿದ್ದೀರೋ?" ಬೈಗುಳದಲ್ಲಿ ಮಗ, ಅಳಿಯ ಎಂಬ ಭೇದವಿರಲಿಲ್ಲ.

ಒಂದು ಬೇಸಿಗೆಯಲ್ಲಿ ನೀರು ಇಳಿದು, ಮೀನೆಲ್ಲ ನಡುವಿನ ಒಂದು ಮಡುವಿನಲ್ಲಿ ಸೇರಿಕೊಂಡವು. ಬಲೆ ಯಾರು ಬಿಡಬೇಕೆಂದು ಎರಡೂ ಊರಿಗೆ ಜಗಳ. ನಮ್ಮೂರ ಹಾಲಿನ ಡೈರಿಯ ಜಗಲಿಯಲ್ಲಿ ಮಾತುಕತೆ ಏರ್ಪಟ್ಟಿತು. ದೊಡ್ಡಮ್ಮನ ಅಣ್ಣ ಆಚೆ ಊರಿನ ಹಿರಿಯರೊಂದಿಗೆ ಬಂದಿದ್ದರು. ಅವರು ಕೇಳಿದ್ದು ಮಡುವಿನಲ್ಲಿ ಅರ್ಧ ಪಾಲು.

"ಮಡು ಪೂರ್ತಿ ನಮ್ದು. ಮಾತೇ ಇಲ್ಲ" ಎಂದರು ನಮ್ಮೂರ ಯಜಮಾನರು.

"ಮಾತೇ ಇಲ್ದಿದ್ಮೇಲೆ ಟೀ ಕುಡ್ಸಕ್ಕೆ ಕರೆಸಿದ್ರಾ?" ಎಂದರು ದೊಡ್ಡಮ್ಮನ ಅಣ್ಣ. ಎಲ್ಲರೂ ನಕ್ಕರು.

ನಗು ಮುಗಿಯುವುದರೊಳಗೆ ನೀರಿನ ಕಡೆಯಿಂದ ಗದ್ದಲ ಕೇಳಿಸಿತು. ಎರಡೂ ಊರಿನ ಹುಡುಗರು ಬಲೆ ಹೊತ್ತು ಮಡುವಿಗೆ ಇಳಿದಿದ್ದರು.

ನಾನು ದಡಕ್ಕೆ ಓಡಿದೆ. ತೆಪ್ಪದ ಮೇಲಿನ ಹೊಡೆದಾಟ ನೋಡುವವನಿಗೆ ಅರ್ಥವಾಗುವುದಿಲ್ಲ. ಹುಟ್ಟು ಬೀಸಿದರೆ ತೆಪ್ಪ ಗಿರ್ರನೆ ತಿರುಗುತ್ತದೆ. ಏಟು ಬೀಳುವ ಹೊತ್ತಿಗೆ ಹೊಡೆದವನ ಮುಖ ಇನ್ನೆಲ್ಲೋ ಇರುತ್ತದೆ. ಯಾರು ನಮ್ಮವರು, ಯಾರು ಅವರು ಎಂದೇ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ತೆಪ್ಪ ಹಾಕಿಕೊಂಡು ನಡುವೆ ನುಗ್ಗಿ, ಎರಡೂ ಕಡೆಯವರ ಕೈಯಿಂದ ಹುಟ್ಟು ಕಿತ್ತುಕೊಂಡು ತನ್ನ ತೆಪ್ಪಕ್ಕೆ ಎಸೆದುಕೊಳ್ಳುತ್ತಿದ್ದಳು. ಸ್ವಾಮಿ, ಮಾದೇವರ ತೆಪ್ಪಗಳು ಒಂದಕ್ಕೊಂದು ತಾಗಿದವು. ಸ್ವಾಮಿಯ ಹುಟ್ಟು ಮೇಲೆದ್ದಿತು.

"ಬ್ಯಾಡ ಕಣ್ಲಾ!"

ನೀರಿನ ಮೇಲೆ ದೊಡ್ಡಮ್ಮ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಾದೇವ ನೀರಿನಲ್ಲಿದ್ದ. ಹುಟ್ಟು ಎದ್ದದ್ದು ಅವನು ಬೀಳುವ ಮೊದಲೋ, ಬಿದ್ದ ಮೇಲೋ? ಬಿಸಿಲು ನೀರಿಗೆ ಹೊಡೆದು ನನ್ನ ಕಣ್ಣು ಕುಕ್ಕುತ್ತಿತ್ತು. ದೊಡ್ಡಮ್ಮ ಅವನ ಜುಟ್ಟು ಹಿಡಿದು ತೆಪ್ಪಕ್ಕೆ ಎಳೆದುಕೊಂಡಳು. ಹಣೆ ಒಡೆದಿತ್ತು.

ಜಗಲಿಯಲ್ಲಿ ಮಡುವಿನ ಮಾತೇ ನಿಂತುಹೋಯಿತು. ದೊಡ್ಡಮ್ಮನ ಅಣ್ಣ ಮಗನ ಹಣೆಗೆ ಟವೆಲ್ ಒತ್ತಿ ಹಿಡಿದಿದ್ದರು.

"ನಡೀರಿ, ಸ್ಟೇಷನ್‌ಗೇ ಓಗನ" ಎಂದು ಅವರ ಕಡೆಯವರೊಬ್ಬರು ಎದ್ದರು.

ಯಜಮಾನರು ನನ್ನತ್ತ ತಿರುಗಿದರು. "ನೀನು ದಡದಲ್ಲಿದ್ದೆ. ಏನ್ ಕಂಡೆ ಯೋಳು."

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಅಂದಳು: "ಅಷ್ಟು ದೂರದಿಂದ ಅವ್ನೇನ್ ಕಂಡಾನು? ಪಕ್ದಲ್ಲಿದ್ದೋಳು ನಾನು. ಮಾದೇವ ಜಾರ್ದ, ತೆಪ್ಪದ ಅಂಚು ಬಡೀತು. ಇಡ್ಕೊಳ್ಳಲಿ ಅಂತ ಸ್ವಾಮಿ ಹುಟ್ಟು ಚಾಚ್ದ."

ಅಣ್ಣ ಮಗನ ಮುಖ ನೋಡಿದರು. ಮಾದೇವ ತಡೆದು ಅಂದ: "ಅತ್ತೆ ಯೋಳ್ದಂಗೇಯ."

ಸ್ವಾಮಿ ನೆಲ ನೋಡುತ್ತಿದ್ದ. ಯಜಮಾನರು ಕೆಮ್ಮಿದರು. "ಮಡು ಅರ್ಧ ಅರ್ಧ ಆಗ್ಲಿ ಬುಡಿ."

ಯಾರೂ ಗೆಲ್ಲದ ಆ ಹೊಡೆದಾಟ, ಮಾತಿನಿಂದ ಆಗದ ರಾಜಿಯನ್ನು ಹೇಗೆ ಮಾಡಿಸಿತೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಕಾಯಿಲೆ ಬಿದ್ದ ಮೇಲೆ ದೊಡ್ಡಮ್ಮನನ್ನು ಕಡೆಯ ಸಲ ತವರಿಗೆ ಕರೆದೊಯ್ದವನು ನಾನು. ಮಡುವಿನ ಹತ್ತಿರ ತೆಪ್ಪ ನಿಲ್ಲಿಸಿ ಕೇಳಿಯೇಬಿಟ್ಟೆ: "ಅವತ್ತು ಸ್ವಾಮಿ ಹೊಡೆದ್ನಾ, ಚಾಚಿದ್ನಾ?"

ಅವಳು ಎರಡೂ ದಡದ ಕಡೆ ನೋಡಿದಳು. ಮತ್ತೆ ಅದೇ ಪಿಸುದನಿ. "ಹುಟ್ಟು ಮ್ಯಾಕೆದ್ದಿದ್ದು ಕಂಡೆ ಕಣ್ ಮಗ. ಕಣ್ ಮುಚ್ಕಂಡ್ಬುಟ್ಟೆ."

ಅವಳ ತಿಥಿಯ ದಿನ ಮಾದೇವನ ತೆಪ್ಪ ನಮ್ಮ ದಡಕ್ಕೆ ಬಂತು. ದಡವೆಲ್ಲ ಕೆಸರು. ಅವನನ್ನು ದಡಕ್ಕೆ ಹತ್ತಿಸಿಕೊಳ್ಳಲು ಸ್ವಾಮಿ ಹುಟ್ಟು ಎತ್ತಿದ. ನಾನು ಅಲ್ಲೇ ಪಕ್ಕದಲ್ಲಿದ್ದೆ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ತೆರೆದಾಗ ಮಾದೇವ ದಡದ ಮೇಲಿದ್ದ.