ಗಿರಣಿ ಚಾಲೂ ಆಗೋದ್ರೊಳಗ ಮುಗಿಯೋ ಆಟ

ಎಮ್ಮಿಗನೂರು ರಸ್ತೆಯಲ್ಲಿ ಬಿಸಿ ತೌಡಿನ ವಾಸನೆ ಬಂದರೆ ನನಗೆ ನೆನಪಾಗೋದು ಕಂಪ್ಯೂಟರಿನ ಕಾರ್ ರೇಸ್.

ಕಂಪ್ಲಿಯಲ್ಲಿ ಅದೇ ರಸ್ತೆಗೆ ಅಪ್ಪನ ಅಕ್ಕಿ ಗಿರಣಿ ಇತ್ತು. ನಾನು ಆಟ ಕಲಿತದ್ದು ಅದರ ಆಫೀಸಿನ ಕಂಪ್ಯೂಟರಿನಲ್ಲೇ. ಕೀಬೋರ್ಡ್ ಮೇಲೆ ಸದಾ ತೌಡಿನ ಪುಡಿ. ಗಿರಣಿಯ ಮೋಟಾರು ಶುರುವಾದರೆ ಸಾಕು, ಕರೆಂಟು ಕುಸಿದು ಕಂಪ್ಯೂಟರ್ ಆಫ್. ಆಟಗಳ ಬಗ್ಗೆ ನನ್ನ ಅಭಿಪ್ರಾಯಗಳೆಲ್ಲ ಅಲ್ಲೇ ಗಟ್ಟಿಯಾದವು. ಯುದ್ಧದ ಆಟ ದಂಡ, ಸೈನಿಕರನ್ನು ಕೂಡಿಸುವಷ್ಟರಲ್ಲಿ ಎಲ್ಲ ಹೋಗಿರುತ್ತದೆ. ಊರು ಕಟ್ಟುವ ಆಟ ಇನ್ನೂ ದಂಡ. ಕಾರ್ ರೇಸ್ ಒಂದೇ ಮಸ್ತ್, ಮೂರು ಸುತ್ತಿಗೆ ಮುಗೀತು.

ಅಪ್ಪನಿಗೆ ಆಟ ಅಂದರೆ ಸಿಟ್ಟು. "ಕಣ್ಣು ಹಾಳಾಗ್ತಾವ, ಬ್ಯಾಡ" ಅನ್ನೋರು. ಒಂದು ದಿನ ಕೊನೇ ಸುತ್ತಿನಲ್ಲಿ, ಮೊದಲ ಸಲ, ನನ್ನ ಕಾರು ಎಲ್ಲರಿಗಿಂತ ಮುಂದಿತ್ತು. ಹೊರಗೆ ಭತ್ತದ ಟ್ರ್ಯಾಕ್ಟರುಗಳು ಕಾಯುತ್ತಿದ್ದವು. "ಸಾಹುಕಾರ್ರೇ, ಜಲ್ದಿ ಚಾಲೂ ಮಾಡ್ರಿ" ಅಂತ ರೈತರು ಕೂಗಿದರು. ಮೋಟಾರಿನ ಸ್ವಿಚ್ಚು ಆಫೀಸಿನ ಗೋಡೆಗೇ ಇತ್ತು. ಅಪ್ಪ ಅದರ ಮೇಲೆ ಕೈಯಿಟ್ಟು ನನ್ನ ಕಾರನ್ನೇ ನೋಡುತ್ತಾ ನಿಂತಿದ್ದರು. "ತಡೀರಿ, ಬೆಲ್ಟ್ ನೋಡಾಕತ್ತೀನಿ" ಅಂತ ಹೊರಗಿನವರಿಗೆ ಸುಳ್ಳು ಹೇಳಿ, ನನ್ನನ್ನು ಮೆಲ್ಲಗೆ ಕೇಳಿದರು, "ಒತ್ತಲೇನವ್ವಾ?"

ಅವತ್ತು ಗೆದ್ದೆ.

ಈಗಿನ ಆಟಗಳು ತಾವಾಗೇ ಸೇವ್ ಆಗುತ್ತವೆ. ನೋಡೋಕೆ ಭಾಳ ಚಂದ, ಆಡೋಕೆ ಸಪ್ಪೆ. ಗಿರಣಿ ಮಾರಿದ ಮೇಲೆ ಅಪ್ಪ ಹೊಸಪೇಟೆಯ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಕಂಪ್ಯೂಟರ್ ಮುಂದೆ ಆಡುತ್ತಾ ಕೂತಿದ್ದರೆ, ಫ್ಯಾನ್ ಹಾಕುವ ಮುಂಚೆಯೂ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾಯುತ್ತಾರೆ.

"ಒತ್ತಲೇನವ್ವಾ?"