ಕಣ್ಣಿಗಿಂತ ಕಾಲು ಇಂಚು ಮೇಲೆ

ನನ್ನ ಅಂಗಡಿಗೆ ಬಂದು ಯಾರಾದರೂ "ಗಿಡ ಸವರೋಕೆ ಒಂದು ಒಳ್ಳೆ ಕತ್ತರಿ ಕೊಡಿ" ಅಂದರೆ ನಾನು ಕತ್ತರಿ ತೆಗೆಯುವುದಿಲ್ಲ. "ಮೊದಲು ಕೈ ತೋರಿಸಿ" ಅನ್ನುತ್ತೇನೆ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಯಾರಿಗೆ ಬೇಕು? ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಚಪ್ಪಲಿ ಕೊಳ್ಳುವಾಗ ಕಾಲು ತೂರಿಸಿ ನೋಡುವ ಮನುಷ್ಯ ಕತ್ತರಿ ಕೊಳ್ಳುವಾಗ ಮಾತ್ರ ಬಣ್ಣ ನೋಡುತ್ತಾನೆ, ಆಮೇಲೆ ಮಣಿಕಟ್ಟು ನೋವು ಅಂತ ನನಗೇ ಶಾಪ ಹಾಕುತ್ತಾನೆ. ಅಂಗಡಿ ಅಪ್ಪನ ಕಾಲದ್ದು. ಮೂಗಿನ ತುದಿಯ ಕೋಪವೂ ಅಪ್ಪನದೇ. ಬೀದಿಯವರು ಎದುರಿಗೆ ನನ್ನನ್ನು "ಅಕ್ಕ" ಅನ್ನುತ್ತಾರೆ, ಬೆನ್ನ ಹಿಂದೆ "ಗರಗಸ" ಅನ್ನುತ್ತಾರೆ. ನನಗೆ ಎರಡೂ ಗೊತ್ತು.

ಡ್ರೈವರಣ್ಣ ಮೊದಲ ಸಲ ಬಂದಾಗ ಕೈ ತೋರಿಸಲಿಲ್ಲ. "ನನಗಲ್ಲ ತಾಯಿ, ಮನೆಯವಳಿಗೆ" ಅಂದರು. ಮೂವತ್ತೊಂದು ವರ್ಷ ಬಸ್ಸು ಓಡಿಸಿ ಆಗಷ್ಟೇ ನಿವೃತ್ತರಾಗಿದ್ದರು. ಹೆಂಡತಿಗೆ ಏನಾದರೂ ಕೊಡಬೇಕು ಅನ್ನುವ ಉಮೇದು. ಗಾಜಿನ ಕಪಾಟಿನಲ್ಲಿ ಮಿರಮಿರ ಮಿಂಚುತ್ತಿದ್ದ ಕೆಂಪು ಹಿಡಿಯ ಕತ್ತರಿಗೆ ಬೆರಳಿಟ್ಟರು. ಅವತ್ತು ಅಂಗಡಿ ತುಂಬ ಜನ, ನಾನೂ ಹೆಚ್ಚು ಕೇಳದೆ ಕಟ್ಟಿ ಕೊಟ್ಟುಬಿಟ್ಟೆ.

ಮಾರನೆ ದಿನ ಬಾಗಿಲು ತೆಗೆಯುವುದಕ್ಕೆ ಮೊದಲೇ ಒಬ್ಬ ಹೆಂಗಸು ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಅದೇ ಕೆಂಪು ಕತ್ತರಿ.

"ಇದನ್ನ ನಮ್ಮನೆಯವರ ಕೈಗೆ ಕೊಟ್ಟೋರು ಯಾರು?"

"ನಾನೇ. ಯಾಕೆ?"

"ಇದು ಒಣ ಕಡ್ಡಿ ಕತ್ತರಿ ಕಣೇ. ಒಂದೇ ಅಲಗು, ಅದು ಬಂದು ತಟ್ಟೆ ಮೇಲೆ ಕೂರುತ್ತೆ. ಹಸಿ ಕಡ್ಡಿಗಿಟ್ರೆ ಕತ್ತರಿಸಲ್ಲ, ಜಜ್ಜುತ್ತೆ. ಹಸೀದಕ್ಕೆ ಒಂದರ ಪಕ್ಕ ಒಂದು ಜಾರೋ ಎರಡಲಗಿನದು ಬೇಕು. ಅವರಿಗೆ ಗೊತ್ತಿಲ್ಲ, ಸರಿ. ಅಂಗಡಿ ಇಟ್ಕೊಂಡಿರೋ ನಿನಗೂ ಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿದ್ದೂ ಕೇಳದೆ ಕೊಟ್ಟಿದ್ದೆ. ಆದ್ದರಿಂದ ತೆಪ್ಪಗೆ ಬೈಸಿಕೊಂಡೆ. ಗರಗಸಕ್ಕೇ ಅರ ಹಾಕುವವಳು ಬಂದಳಲ್ಲಪ್ಪ ಅಂತ ಪಕ್ಕದ ಟೈಲರು ಒಂದು ವಾರ ನಗಾಡಿದ.

ಹೀಗೆ ನನಗೆ ಗುಲಾಬಿ ಅಕ್ಕ ಸಿಕ್ಕಿದಳು. ಇಪ್ಪತ್ತೇಳು ವರ್ಷ ಒಂದು ಸಸ್ಯತೋಟದಲ್ಲಿ ಗುಲಾಬಿ ಸವರಿದವಳು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವಳು ಕಲಿಸುತ್ತಿದ್ದದ್ದು ಒಂದೇ ಪಾಠ: ಕಡ್ಡಿಯ ಮೇಲೆ ಚಿಗುರೊಡೆಯುವ ಕಣ್ಣು ಎಲ್ಲಿದೆ ನೋಡು, ಹೊರಕ್ಕೆ ಮುಖ ಮಾಡಿರುವ ಕಣ್ಣನ್ನೇ ಆರಿಸು, ಅದಕ್ಕಿಂತ ಕಾಲು ಇಂಚು ಮೇಲೆ ಕತ್ತರಿಸು, ಇಳಿಜಾರು ಕಣ್ಣಿನ ಆಚೆಗಿರಲಿ, ನೀರು ಕಣ್ಣಿಗೆ ಇಳಿಯಬಾರದು. ಜಾಸ್ತಿ ಮೇಲೆ ಕತ್ತರಿಸಿದರೆ ಉಳಿದ ತುಂಡು ಕಪ್ಪಗಾಗುತ್ತದೆ, ಆ ಕಪ್ಪು ಕೆಳಗಿಳಿದು ಬುಡ ಮುಟ್ಟುತ್ತದೆ. ಮೂರು ಸಲ ತಪ್ಪು ಜಾಗದಲ್ಲಿ ಕತ್ತರಿಸಿದವರ ಕೈಯಿಂದ ಕತ್ತರಿ ಕಿತ್ತುಕೊಂಡು ಪೊರಕೆ ಕೊಡುತ್ತಿದ್ದಳಂತೆ. ನನಗೂ ಆ ಪಾಠ ಅವಳೇ ಕಲಿಸಿದ್ದು. ಅವತ್ತಿನಿಂದ ಕತ್ತರಿ ಕೊಳ್ಳುವವರಿಗೆಲ್ಲ "ಕಣ್ಣಿಗಿಂತ ಕಾಲು ಇಂಚು ಮೇಲೆ, ಮರೀಬೇಡಿ" ಅಂತ ಹೇಳಿಯೇ ಕಳಿಸುತ್ತೇನೆ.

ಮನೆಯ ಹಿಂದೆ ಅವಳದು ಹತ್ತೊಂಬತ್ತು ಗಿಡ. ಡ್ರೈವರಣ್ಣನಿಗೆ ಅಲ್ಲಿ ಬಿದ್ದ ಕಡ್ಡಿ ಗುಡಿಸುವ ಕೆಲಸ ಮಾತ್ರ. ಒಮ್ಮೆ ಆಸೆಪಟ್ಟು ಕತ್ತರಿ ಕೇಳಿದ್ದಕ್ಕೆ, "ನೀವು ಬಸ್ಸು ಓಡಿಸೋವಾಗ ನಾನು ಬಂದು ಬ್ರೇಕ್ ಒತ್ತಿದ್ನಾ?" ಅಂದಳಂತೆ. ಅದನ್ನು ಅವರೇ ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆಮೇಲೆ ಅವಳ ಬೆರಳಿನ ಗೆಣ್ಣುಗಳು ಊದಿಕೊಳ್ಳತೊಡಗಿದವು.

ಸವರುವ ಕಾಲ ಹತ್ತಿರ ಬಂದಾಗ ಡ್ರೈವರಣ್ಣ ಒಬ್ಬರೇ ಬಂದರು. ಜೇಬಿನಿಂದ ಮಡಚಿದ ಹಳೆಯ ಕ್ಯಾಲೆಂಡರ್ ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಹಿಂಬದಿಯಲ್ಲಿ ಪೆನ್ನಿನಿಂದ ಬರೆದ ಹಸ್ತದ ಗೆರೆ. ಮಧ್ಯಾಹ್ನ ಅವಳು ಮಲಗಿದ್ದಾಗ ಕೈಯನ್ನು ಹಾಳೆಯ ಮೇಲಿಟ್ಟು ಸುತ್ತ ಬರೆದುಕೊಂಡಿದ್ದರು. "ನೀನು ಕೈ ನೋಡದೆ ಕೊಡಲ್ವಲ್ಲ, ಅದಕ್ಕೆ ತಂದೆ" ಅಂದರು. ನನಗೆ ನಗು ಬಂತು, ಸಂಕಟವೂ ಆಯಿತು. ಚಿಕ್ಕ ಹಿಡಿಯದು, ಹಗುರದ್ದು ಆರಿಸಿ ಕೊಟ್ಟೆ. ಆ ವರ್ಷ ಅದು ಸಾಕಾಯಿತು.

ಎರಡನೆಯ ವರ್ಷ ಮತ್ತೊಂದು ಹಾಳೆ. ಹೆಬ್ಬೆರಳು ಒಳಕ್ಕೆ ಬಾಗಿತ್ತು. ಒತ್ತಿ ಒತ್ತಿ ಹಲ್ಲು ಹಲ್ಲಾಗಿ ಮುಚ್ಚಿಕೊಳ್ಳುವ ಕತ್ತರಿ ತೋರಿಸಿದೆ, ಬಲ ಕಡಿಮೆ ಇದ್ದವರಿಗೆ ಅಂತಲೇ ಬರುವುದು. ಅವಳು ಅದನ್ನು ಒಂದೇ ದಿನದಲ್ಲಿ ವಾಪಸ್ಸು ಕಳಿಸಿದಳು. "ಇದೂ ಜಜ್ಜುತ್ತೆ ಅಂತ ಹೇಳು ಅವಳಿಗೆ" ಅಂತ ಹೇಳಿ ಕಳಿಸಿದ್ದಳು. ಕೊನೆಗೆ ಎರಡಲಗಿನ ಕತ್ತರಿಯ ಸ್ಪ್ರಿಂಗ್ ಬಿಚ್ಚಿ, ಮೆತ್ತನೆಯದು ಹಾಕಿ, ಅಲಗನ್ನು ನಾನೇ ಕೂತು ಮಸೆದು ಕೊಟ್ಟೆ. ಹತ್ತೊಂಬತ್ತು ಗಿಡಕ್ಕೆ ಹನ್ನೊಂದು ದಿನ ಹಿಡಿಯಿತು. ಆದರೂ ತಾನೇ ಮುಗಿಸಿದಳು.

ಮೂರನೆಯ ವರ್ಷದ ಹಾಳೆ ನೋಡಿ ನನಗೆ ಅದು ಕೈ ಅಂತಲೇ ಗೊತ್ತಾಗಲಿಲ್ಲ. ಬೆರಳುಗಳು ಬಿಡಿಸಿಕೊಳ್ಳದೆ, ಮುಷ್ಟಿಯ ಸುತ್ತ ಎಳೆದ ಒಂದು ಸೊಟ್ಟ ಗೆರೆ ಅಷ್ಟೆ.

"ಏನಾದ್ರೂ ನೋಡು ತಾಯಿ. 'ನನ್ನ ಕೈಲಾಗದ ದಿನ ಗಿಡಾನೆಲ್ಲ ಕಿತ್ತು ಯಾರಿಗಾದ್ರೂ ಕೊಟ್ಟುಬಿಡಿ' ಅಂತಿದಾಳೆ. ಗಿಡ ಹೋದ್ರೆ ಅವಳು ಹಾಸಿಗೆ ಬಿಟ್ಟು ಏಳಲ್ಲ. ನನಗೆ ಗೊತ್ತು ಅವಳು."

ನಾನು ಸುಮ್ಮನಿರಬೇಕಿತ್ತು. ಈ ಹಾಳು ಬಾಯಿ ಇರಬೇಕಲ್ಲ. "ಅಣ್ಣಾ, ಈ ಕೈಗೆ ಆಗೋ ಕತ್ತರಿ ಇನ್ನೂ ಹುಟ್ಟಿಲ್ಲ" ಅಂದುಬಿಟ್ಟೆ.

ಅವರು ಹಾಳೆಯನ್ನು ನಿಧಾನಕ್ಕೆ ಮಡಚಿದರು. ತುಂಬ ಹೊತ್ತು ಗೋಡೆಗೆ ತೂಗುಹಾಕಿದ್ದ ಸಾಮಾನು ನೋಡುತ್ತ ನಿಂತರು. ಆಮೇಲೆ, "ಕಡ್ಡಿ ಅರ್ಧ ಮೊದಲೇ ಕುಯ್ದಿದ್ರೆ? ಆಗ ಅವಳ ಕೈಲಿ ಮುರಿಯುತ್ತಾ?" ಅಂತ ಕೇಳಿದರು. ನನಗೆ ತಟ್ಟನೆ ಅರ್ಥವಾಯಿತು. ಸಣ್ಣ ಹಲ್ಲಿನ ಮಡಚುವ ಗರಗಸವೊಂದನ್ನು ಕೊಟ್ಟೆ. ಅವರು ಅದನ್ನು ಅಂಗಿಯ ಒಳಗೆ ಬಚ್ಚಿಟ್ಟುಕೊಂಡು ಹೋದರು. ಬೀದಿ ತಿರುಗಿದ ಮೇಲೆ ನೆನಪಾಯಿತು, ಎಲ್ಲರಿಗೂ ಹೇಳುವ ಆ ಒಂದು ಮಾತನ್ನು ಅವರಿಗೆ ಹೇಳಲೇ ಇಲ್ಲ. ಓಡಿ ಹೋಗಿ ಹೇಳಬಹುದಿತ್ತು. ಅಂಗಡಿ ಬಿಟ್ಟು ಹೋಗಲಿಲ್ಲ.

ಹತ್ತು ದಿನ ಕಳೆದು ಗುಲಾಬಿ ಅಕ್ಕನನ್ನು ನೋಡಲು ಹೋದೆ. ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಡ್ರೈವರಣ್ಣ ಔಷಧಿ ತರಲು ಹೋಗಿದ್ದರು. ಹತ್ತೊಂಬತ್ತು ಗಿಡವನ್ನೂ ಸವರಿ ಆಗಿತ್ತು. ನಾನು ಒಂದು ಗಿಡದ ಹತ್ತಿರ ಬಗ್ಗಿದೆ. ಎರಡು ಕಣ್ಣುಗಳ ನಟ್ಟನಡುವೆ ಕತ್ತರಿಸಿದ ಕಡ್ಡಿ. ಪಕ್ಕದ್ದರಲ್ಲಿ ಕಣ್ಣನ್ನೇ ಸೀಳಿಕೊಂಡು ಹೋಗಿತ್ತು. ಇನ್ನೊಂದರ ಇಳಿಜಾರು ನೇರ ಕಣ್ಣಿನೊಳಕ್ಕೆ. ಯಾವ ಗಿಡದಲ್ಲೂ ಒಂದೂ ಸರಿಯಾದದ್ದು ಇರಲಿಲ್ಲ.

"ನೋಡಿದ್ಯಾ?" ಅಂದಳು.

"ಅಕ್ಕಾ, ಇದು..."

"ಬೆಳಕು ಹರಿಯೋಕೆ ಮುಂಚೆ ಎದ್ದು ಹೋಗಿ ಗರಗಸ ಎಳೀತಿದ್ರು. ಇಲಿ ಕೆರೆದ ಹಾಗೆ ಸದ್ದು. ನಾನು ಕಣ್ಣು ಮುಚ್ಕೊಂಡು ಕೇಳಿಸ್ಕೋತಿದ್ದೆ. ಆಮೇಲೆ ನನ್ನ ಕೈ ಹಿಡ್ಕೊಂಡು ಬಂದು, 'ನೋಡೇ, ಇಲ್ಲೊಂದು ಒಳ್ಳೆ ಕಣ್ಣಿದೆ' ಅಂತ ತೋರಿಸೋರು. ಅವರು ಕುಯ್ದ ಗೆರೆ ಮೇಲೇ ಕತ್ತರಿ ಇಟ್ಟು ಎರಡೂ ಮುಷ್ಟಿಯಿಂದ ಒತ್ತಿದೆ. ಟಕ್ ಅಂತು. ಎಷ್ಟು ಖುಷಿ ಅಂತೀಯ ಆ ಮನುಷ್ಯನಿಗೆ! 'ಕೈ ಇನ್ನೂ ಗಟ್ಟಿ ಇದೆ ಕಣೇ ನಿಂದು' ಅಂತ ಚಪ್ಪಾಳೆ ತಟ್ಟಿದ್ರು."

"ಹೇಳಬಾರದಿತ್ತಾ, ಇಲ್ಲಲ್ಲ ಅಲ್ಲಿ ಅಂತ?"

"ಬೇರೆ ಕಡೆ ಇಟ್ರೆ ನನ್ನ ಕೈಲಿ ಮುರಿಯಲ್ಲ. ಹೇಳಿದ್ರೆ ಗರಗಸದ ವಿಷಯ ನನಗೆ ಗೊತ್ತಿದೆ ಅಂತ ಹೇಳಿದ ಹಾಗಾಗಲ್ವೇನೇ?" ಅಂದಳು. ನಗಲು ನೋಡಿದಳು, ಆಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಳ್ಳಲೂ ಅವಳ ಕೈ ಮೇಲಕ್ಕೆ ಬರಲಿಲ್ಲ. ನಾನೇ ಒರೆಸಿದೆ. "ಒಂದು ಕಡ್ಡಿ ತಪ್ಪಾಗಿ ಕತ್ತರಿಸಿದ್ದಕ್ಕೆ ಎಷ್ಟು ಜನರನ್ನ ಅಳಿಸಿದೀನಿ ನಾನು. ಈಗ ನಾನೇ ಎಂಬತ್ನಾಕು ತಪ್ಪಾಗಿ ಕತ್ತರಿಸಿದೆ, ಎಣಿಸಿದೀನಿ. ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡೆ. ಅವರಿಗೆ ಮಾತ್ರ ಹೇಳ್ಬೇಡ. ಆಣೆ ಮಾಡು."

ಆಣೆ ಮಾಡಿದೆ. ನಾಲ್ಕು ತಿಂಗಳಿಗೆ ಅವಳು ತೀರಿಕೊಂಡಳು.

ಮೊನ್ನೆ ಡ್ರೈವರಣ್ಣ ಅಂಗಡಿಗೆ ಬಂದರು. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. ಬಟ್ಟೆಯಲ್ಲಿ ಸುತ್ತಿದ ಆ ಮೆತ್ತನೆ ಸ್ಪ್ರಿಂಗಿನ ಕತ್ತರಿಯನ್ನು ಮೇಜಿನ ಮೇಲಿಟ್ಟರು, ಜೊತೆಗೆ ಒಂದು ಗುಲಾಬಿ ಕಡ್ಡಿ. ಕಡ್ಡಿಯ ತುದಿ ಕಪ್ಪಾಗಿತ್ತು, ಕಪ್ಪು ಒಂದು ಕಣ್ಣು ದಾಟಿ ಕೆಳಗಿಳಿದಿತ್ತು.

"ಕೊನೇ ವರ್ಷಾನೂ ಅವಳೇ ಸವರಿದ್ಲು ತಾಯಿ, ನಿನ್ನ ಕತ್ತರಿಯಿಂದ. ಅದೊಂದೇ ಸಮಾಧಾನ ನನಗೆ. ಈಗ ಯಾಕೋ ಗಿಡ ಎಲ್ಲಾ ಹೀಗಾಗ್ತಿದೆ. ಏಳು ಹೋಗಿಯೇ ಬಿಟ್ವು. ಈ ಸಲ ನಾನೇ ಸವರ್ತೀನಿ. ನನ್ನ ಕೈಗೊಂದು ಕತ್ತರಿ ಕೊಡು. ಎಲ್ಲಿ ಕತ್ತರಿಸ್ಬೇಕು ಅಂತಾನೂ ಹೇಳ್ಕೊಡು."

"ಸಸ್ಯತೋಟದಲ್ಲಿ ಯಾರನ್ನಾದ್ರೂ ಕೇಳಿ ಅಣ್ಣಾ. ನನಗೆ ಅಷ್ಟು ಬರಲ್ಲ" ಅಂದೆ.

"ಸುಳ್ಳು ಹೇಳ್ಬೇಡ. ಅವಳು ನಿನಗೆ ಕಲಿಸಿದ್ದು ನನಗೆ ಗೊತ್ತಿಲ್ವಾ? ಅವಳ ಗಿಡ ಸಾಯ್ತಿದೆ ಕಣಮ್ಮ."

ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಉಳಿದ ಹನ್ನೆರಡೂ ಹೋಗುತ್ತವೆ. ನಾನು ಡ್ರಾಯರು ಎಳೆದೆ, ಮುಚ್ಚಿದೆ, ಸುಮ್ಮನೆ ಮೊಳೆ ಹುಡುಕಿದೆ. ಅವರು ಕಾಯುತ್ತಲೇ ನಿಂತಿದ್ದರು. ಕೊನೆಗೆ ಆ ಕಡ್ಡಿಯನ್ನೇ ಕೈಗೆ ತೆಗೆದುಕೊಂಡೆ. "ಇಲ್ಲಿ ಉಬ್ಬಿದೆಯಲ್ಲ, ಇದು ಕಣ್ಣು. ಇದಕ್ಕಿಂತ ಕಾಲು ಇಂಚು ಮೇಲೆ ಕತ್ತರಿಸ್ಬೇಕು. ಇಳಿಜಾರು ಆಚೆಗೆ. ಜಾಸ್ತಿ ಮೇಲಾದ್ರೆ ತುದಿ ಹೀಗೆ ಕಪ್ಪಾಗುತ್ತೆ."

ಅವರು ಕಡ್ಡಿ ಇಸಿದುಕೊಂಡರು. ಕನ್ನಡಕ ಹಾಕಿಕೊಂಡರು. ಕಣ್ಣಿನಿಂದ ತುದಿಯವರೆಗೆ ಉಗುರಿನಲ್ಲಿ ಅಳೆದರು, ಎರಡು ಸಲ.

"ಇದು ಎರಡು ಇಂಚು ಮೇಲಿದೆ" ಅಂದರು.

ನಾನು ತಲೆ ತಗ್ಗಿಸಿದೆ.

"ಎಲ್ಲಾನೂ ಹೀಗೇ ತಪ್ಪಾಗಿದೆ. ಎಲ್ಲಾನೂ ನಾನೇ ತೋರಿಸಿದ್ದು. ಪ್ರತಿ ಸಲ ಕೇಳಿದೆ ಅವಳನ್ನ, ಇದು ಸರಿ ಇದೆಯಾ ಅಂತ. 'ನೀವು ತೋರಿಸಿದ್ದು ಸರಿಯಾಗೇ ಇದೆ, ಒಳ್ಳೆ ಕಣ್ಣು' ಅಂದ್ಲು. ಎಂಬತ್ತು ಸಲ ಅಂದ್ಲು." ಕಡ್ಡಿಯನ್ನು ಮೇಜಿನ ಮೇಲಿಟ್ಟು, "ಹಾಗಾದ್ರೆ ಗರಗಸದ ವಿಷಯ ಅವಳಿಗೆ ಗೊತ್ತಿತ್ತು" ಅಂದರು.

ಒಂದು ಹಾಳೆ ಹಾಸಿದೆ. ಅವರ ಬಲಗೈಯನ್ನು ಅದರ ಮೇಲಿಟ್ಟು ಸುತ್ತ ಪೆನ್ಸಿಲು ಎಳೆದೆ. ದೊಡ್ಡ ಹಿಡಿಯ ಎರಡಲಗಿನದು ಆರಿಸಿ ಕೊಟ್ಟೆ. ಅವರು ಆ ಕಡ್ಡಿಯನ್ನೇ ಹಿಡಿದು, ಕೆಳಗಿನ ಹಸಿರು ಕಣ್ಣಿನ ಹತ್ತಿರ ಅಲಗಿಟ್ಟು ಒತ್ತಿದರು. ತುಂಡು ಮೇಜಿನ ಮೇಲೆ ಬಿತ್ತು. ಕಣ್ಣು ಸೀಳಿಹೋಗಿತ್ತು.

"ತಪ್ಪಾಯ್ತಲ್ಲಾ?" ಅಂದರು. "ಬೈಯಮ್ಮಾ. ಅವಳಂತೂ ಬೈಯಲಿಲ್ಲ. ನೀನಾದ್ರೂ ಬೈಯಿ."

ಇಡೀ ಬೀದಿಗೆ ಬೈಯುವವಳು ನಾನು. ಮೇಜಿನ ಮೇಲೆ ಬಿದ್ದ ತುಂಡನ್ನು ಕೈಯಿಂದ ಗುಡಿಸಿ ಹಾಕಿದೆ. ಅವರು ಕಡ್ಡಿಯನ್ನು ತಿರುಗಿಸಿ, ಅದರ ಕೆಳಗಿನ ಕಣ್ಣು ಹುಡುಕತೊಡಗಿದರು.